ರೂಮಿನ ಅಡುಗೆಗೆ ಬೇಳೆಯೇ ಮೊದಲ ಲೆಕ್ಕ

ಸಂಪಾದಕರಿಗೆ,

ಪದವಿ ಓದಲು, ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗಲು ಧಾರವಾಡಕ್ಕೆ ಬರುವ ಹುಡುಗ ಹುಡುಗಿಯರು ಸಪ್ತಾಪುರದಂಥ ಬಡಾವಣೆಗಳಲ್ಲಿ ಬಾಡಿಗೆ ಕೋಣೆ ಹಿಡಿಯುತ್ತಾರೆ. ಹಾಸ್ಟೆಲ್ ಸಿಕ್ಕವರಿಗೆ ಊಟದ ಚಿಂತೆ ಇಲ್ಲ. ಸಿಗದವರು ಮೊದಲ ತಿಂಗಳು ಎರಡೂ ಹೊತ್ತು ಖಾನಾವಳಿಗೆ ಹೋಗುತ್ತಾರೆ. ಕೈಯಲ್ಲಿನ ದುಡ್ಡು ಕರಗುತ್ತಿದ್ದಂತೆ ಅದು ಒಂದು ಹೊತ್ತಿಗೆ ಇಳಿಯುತ್ತದೆ. ಇನ್ನೊಂದು ಹೊತ್ತಿಗೆ ಬರೀ ಅನ್ನ, ಉಪ್ಪಿನಕಾಯಿ, ಇಲ್ಲವೇ ನೂಡಲ್ಸ್, ಇಲ್ಲವೇ ಚಹಾದ ಜೊತೆ ಬನ್ನು. ಹೊಟ್ಟೆ ತುಂಬಿದಂತೆ ಅನಿಸುತ್ತದೆ. ಆದರೆ ಮಧ್ಯಾಹ್ನ ಪಾಠ ಕೇಳುವಾಗ ತೂಕಡಿಕೆ, ಮೇಲಿಂದ ಮೇಲೆ ನೆಗಡಿ, ಹುಡುಗಿಯರಲ್ಲಿ ರಕ್ತಹೀನತೆ ಬೆನ್ನು ಹತ್ತುತ್ತವೆ. ಮೈಸೂರು, ದಾವಣಗೆರೆ, ಕಲಬುರಗಿಯಲ್ಲೂ ಕತೆ ಬೇರೆ ಇರಲಾರದು.

ದುಡ್ಡು ಕಡಿಮೆಯಾದಾಗ ಮಕ್ಕಳು ಮೊದಲು ಕೈಬಿಡುವುದು ಬೇಳೆ ಮತ್ತು ಸೊಪ್ಪನ್ನು. ಅಕ್ಕಿ ಉಳಿಯುತ್ತದೆ, ಯಾಕೆಂದರೆ ಅದು ಊರಿನಿಂದ ಚೀಲದಲ್ಲಿ ಬಂದಿರುತ್ತದೆ. ನಮ್ಮ ಸಲಹೆ ಇದಕ್ಕೆ ಪೂರ್ತಿ ತಿರುವು ಮುರುವು. ದಿನದ ಅಡುಗೆಯ ಲೆಕ್ಕವನ್ನು ಬೇಳೆ, ಕಾಳಿನಿಂದ ಶುರು ಮಾಡಿ, ಅದರ ಮೇಲೆ ಸೊಪ್ಪು ತರಕಾರಿ ಸೇರಿಸಿ, ಕೊನೆಗೆ ಅನ್ನ ಅಥವಾ ರೊಟ್ಟಿ ಎಷ್ಟು ಬೇಕೆಂದು ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, 2,000 ಕ್ಯಾಲೊರಿಯ ದಿನದ ಊಟಕ್ಕೆ ಧಾನ್ಯ 250 ಗ್ರಾಂ, ಬೇಳೆ ಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ. ಎಂದು ಹೇಳಿದೆ. ಅಂದರೆ ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ. ಕೋಣೆಯ ಅಡುಗೆಯಲ್ಲಿ ಸಾಮಾನ್ಯವಾಗಿ ಇರುವುದು ಹತ್ತು ಪಾಲಿಗೆ ಒಂದು ಪಾಲು. ಅದೂ ನೀರಿನಂಥ ಸಾರಿನ ರೂಪದಲ್ಲಿ.

ಮೂರು ಲೀಟರಿನ ಪ್ರೆಶರ್ ಕುಕ್ಕರ್ ಒಂದು, ಅದರೊಳಗೆ ಸಲೀಸಾಗಿ ಕೂರುವ ಒಂದು ಪಾತ್ರೆ, ಕಬ್ಬಿಣದ ಬಾಣಲಿ ಒಂದು, ಹಂಚು ಒಂದು, ಚಾಕು, ಸೌಟು, ಮುಚ್ಚಳ ಬಿಗಿಯಾಗಿರುವ ನಾಲ್ಕು ಡಬ್ಬಿ: ಒಬ್ಬರಿಗೋ ಇಬ್ಬರಿಗೋ ಇಷ್ಟು ಸಾಕು. ಇಂಡಕ್ಷನ್ ಒಲೆ ಇದ್ದರೆ ಕುಕ್ಕರ್ ಕೊಳ್ಳುವ ಮುಂಚೆ ತಳಕ್ಕೆ ಅಯಸ್ಕಾಂತ ಹಿಡಿದು ನೋಡಬೇಕು. ಅಂಟದಿದ್ದರೆ ಆ ಕುಕ್ಕರ್ ಆ ಒಲೆಯ ಮೇಲೆ ಕಾಯುವುದೇ ಇಲ್ಲ. ಮನೆಯಿಂದ ತಂದ ಹಳೆಯ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್‌ಗೆ ಬಾರದಿರುವುದು ಇದೇ ಕಾರಣಕ್ಕೆ. ಅಳತೆಗೆ 150 ಮಿ.ಲೀ. ಹಿಡಿಯುವ ಒಂದು ಸ್ಟೀಲ್ ವಾಟಿಯನ್ನು ಗೊತ್ತು ಮಾಡಿಕೊಳ್ಳಿ. ಅದರಲ್ಲಿ ಅಕ್ಕಿ ಅಥವಾ ಬೇಳೆ ಸುಮಾರು 125 ಗ್ರಾಂ, ಕಡಲೆ ಹಿಟ್ಟು ಸುಮಾರು 80 ಗ್ರಾಂ ಹಿಡಿಯುತ್ತದೆ. ಕಣ್ಣಳತೆ ಅನುಭವಸ್ಥರಿಗೆ ಸರಿ. ಹೊಸದಾಗಿ ಕಲಿಯುವವರ ಅಡುಗೆ ಕೆಡುವುದು ಹೆಚ್ಚಾಗಿ ನೀರಿನ ಅಳತೆಯಲ್ಲಿಯೇ.

ಕುಕ್ಕರಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇವೆ, ಏಕೆಂದರೆ ಉಳಿದ ಅಡುಗೆಯೆಲ್ಲ ಇದರ ಮೇಲೆಯೇ ನಿಂತಿದೆ. ಅರ್ಧ ವಾಟಿ ತೊಗರಿ ಬೇಳೆಯನ್ನು ಎರಡು ಸಲ ತೊಳೆದು ಅರ್ಧ ಗಂಟೆ ನೆನೆಸಿ. ಕುಕ್ಕರಿನ ತಳಕ್ಕೆ ಆ ಬೇಳೆ, ಎರಡು ವಾಟಿ ನೀರು, ಚಿಟಿಕೆ ಅರಿಸಿನ, ಅರ್ಧ ಚಮಚ ಎಣ್ಣೆ ಹಾಕಿ. ಅದರೊಳಗೆ ಸಣ್ಣ ಸ್ಟ್ಯಾಂಡ್ ಇಟ್ಟು, ಮೇಲೆ ಒಂದು ವಾಟಿ ತೊಳೆದ ಅಕ್ಕಿಯ ಪಾತ್ರೆ ಇಡಿ. ಅಕ್ಕಿ ಹೊಸದಾದರೆ ಎರಡು ವಾಟಿ ನೀರು, ಹಳೆಯದಾದರೆ ಎರಡೂವರೆ. ಇಂಡಕ್ಷನ್ ಆದರೆ ಮೊದಲ ಸೀಟಿ ಬರುವವರೆಗೆ 1,200 ವ್ಯಾಟ್, ಆಮೇಲೆ 600ಕ್ಕೆ ಇಳಿಸಿ ಎಂಟು ನಿಮಿಷ. ಗ್ಯಾಸ್ ಆದರೆ ಮೊದಲ ಸೀಟಿಯ ನಂತರ ಉರಿ ಪೂರ್ತಿ ಸಣ್ಣದು ಮಾಡಿ ಅಷ್ಟೇ ಹೊತ್ತು. ಒಲೆ ಆರಿಸಿದ ಮೇಲೆ ಆವಿ ತಾನಾಗಿ ಇಳಿಯುವವರೆಗೆ ಹತ್ತು ನಿಮಿಷ ಮುಟ್ಟಬೇಡಿ. ಆ ಹೊತ್ತಿನಲ್ಲೂ ಒಳಗೆ ಬೇಯುತ್ತಲೇ ಇರುತ್ತದೆ. ಇಷ್ಟಕ್ಕೆ ಖರ್ಚಾಗುವ ವಿದ್ಯುತ್ ಒಂದು ಯೂನಿಟ್‌ನ ಮೂರನೇ ಒಂದು ಪಾಲು.

ಸೀಟಿ ಎಣಿಸುವ ರೂಢಿ ಬಿಡಿ, ನಿಮಿಷ ಎಣಿಸಿ. ಕುಕ್ಕರಿನಲ್ಲಿ ಒತ್ತಡ ತುಂಬಿದಾಗ ಒಳಗಿನ ಶಾಖ ಸುಮಾರು 120 ಡಿಗ್ರಿಗೆ ಏರಿರುತ್ತದೆ. ಉರಿ ಜೋರಾಗಿಟ್ಟು ಆರು ಸೀಟಿ ಹೊಡೆಸಿದರೂ ಅದು ಹೆಚ್ಚೇನೂ ಏರುವುದಿಲ್ಲ. ಹೋಗುವುದು ಆವಿ, ಅದರ ಜೊತೆ ನೀರು, ಗ್ಯಾಸು, ದುಡ್ಡು. ತಳ ಹಿಡಿದ ಬೇಳೆಗೆ ಕಾರಣ ಬಹಳ ಸಲ ಇದೇ. ಬೇಳೆ ನೊರೆ ಉಕ್ಕಿ ಸೀಟಿಯ ಕೊಳವೆಗೆ ಸಿಕ್ಕಿಕೊಳ್ಳುವುದು ಇನ್ನೊಂದು ತೊಂದರೆ. ಅದಕ್ಕಾಗಿಯೇ ಆ ಅರ್ಧ ಚಮಚ ಎಣ್ಣೆ. ಜೊತೆಗೆ ಬೇಳೆ, ಕಾಳು ಬೇಯಿಸುವಾಗ ಕುಕ್ಕರು ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಮುಚ್ಚುವ ಮುನ್ನ ಪ್ರತಿ ಸಲವೂ ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯ ತೂತು ತೆರೆದಿದೆಯೇ ಎಂದು ನೋಡಿ. ಅನ್ನದ ಒಂದು ಅಗುಳು ಅಲ್ಲಿ ಒಣಗಿ ಕೂತರೂ ಅಪಾಯ. ಪಕ್ಕದಿಂದ ಆವಿ ಸೋರಿ ಸೀಟಿಯೇ ಬಾರದಿದ್ದರೆ ರಬ್ಬರ್ ಸಡಿಲಾಗಿದೆ ಎಂದರ್ಥ. ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟರೆ ಅಂದಿನ ಮಟ್ಟಿಗೆ ನಡೆಯುತ್ತದೆ, ಆದರೆ ಹೊಸ ರಬ್ಬರ್ ತರುವುದೇ ಸರಿ. ಸೇಫ್ಟಿ ವಾಲ್ವ್ ಹಾರಿ ಹೋದರೆ ಅದೇ ಕಂಪನಿಯ ವಾಲ್ವ್ ಹಾಕಿಸಬೇಕು; ಎಂ-ಸೀಲ್ ಮೆತ್ತಿ ಕೂರಿಸುವ ಕೆಲಸ ಯಾವ ಕಾರಣಕ್ಕೂ ಬೇಡ.

'ಎಷ್ಟು ಬೇಯಿಸಿದರೂ ಬೇಳೆ ಒಡೆಯುವುದಿಲ್ಲ' ಎಂಬುದು ಕೋಣೆಗಳಲ್ಲಿ ಸದಾ ಕೇಳಿಬರುವ ದೂರು. ಬೋರ್‌ವೆಲ್‌ನ ಸವುಳು ನೀರು ಇದರ ಮೊದಲ ಕಾರಣ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಅಂಟನ್ನು ಬಿಗಿ ಮಾಡುತ್ತವೆ. ನೆನೆಸಲಿಕ್ಕೂ ಬೇಯಿಸಲಿಕ್ಕೂ ಕುಡಿಯುವ ಸಿಹಿ ನೀರನ್ನೇ ಬಳಸಿ. ದಿನಕ್ಕೆ ಅರ್ಧ ಲೀಟರ್ ಸಾಕು. ಎರಡನೆಯದು ಹುಣಸೆ, ಟೊಮೆಟೊ ಮೊದಲೇ ಹಾಕುವುದು. ಹುಳಿ ಬಿದ್ದ ಮೇಲೆ ಬೇಳೆ ಮೆತ್ತಗಾಗುವುದು ನಿಧಾನ. ಮೂರನೆಯದು ಬೇಳೆ ಹಳೆಯದಾಗಿರುವುದು. ಅದನ್ನು ಎರಡು ಗಂಟೆ ನೆನೆಸಿ, ಐದು ನಿಮಿಷ ಹೆಚ್ಚು ಬೇಯಿಸಬೇಕು. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಬೇಳೆಯಲ್ಲಿನ ಬಿ1 ಜೀವಸತ್ವ ಸೋಡಾಕ್ಕೆ ನಾಶವಾಗುತ್ತದೆ. ಅವಸರದ ದಿನ ಹೆಸರು ಬೇಳೆ ತೆಗೆದುಕೊಳ್ಳಿ. ನೆನೆಸುವ ಕೆಲಸವಿಲ್ಲ, ಐದೇ ನಿಮಿಷದಲ್ಲಿ ಕರಗುತ್ತದೆ.

ಬೆಂದ ಬೇಳೆ ಕೈಯಲ್ಲಿದ್ದರೆ ದಿನಕ್ಕೊಂದು ರುಚಿ ತರುವುದು ಕಷ್ಟವಲ್ಲ. ಶುಂಠಿ, ಹಸಿ ಮೆಣಸಿನಕಾಯಿ, ಜೀರಿಗೆಯ ಒಗ್ಗರಣೆ ಕೊಟ್ಟು ನಿಂಬೆ ಹಿಂಡಿದರೆ ತೊವ್ವೆ. ಟೊಮೆಟೊ ಬಾಡಿಸಿ ಸಾರಿನ ಪುಡಿ ಹಾಕಿ ಕುದಿಸಿದರೆ ಸಾರು. ಎಲ್ಲಕ್ಕಿಂತ ಲಾಭದ್ದು ಮಂಡ್ಯ, ಮೈಸೂರು ಸೀಮೆಯ ಮಸ್ಸೊಪ್ಪು. ಕುಕ್ಕರಿನ ತಳದಲ್ಲಿ ಬೇಳೆ ಇದ್ದಾಗ ಮೇಲಿನ ಪಾತ್ರೆಯಲ್ಲಿ ಅಕ್ಕಿಯ ಬದಲು ತೊಳೆದು ಹೆಚ್ಚಿದ ಒಂದು ಕಟ್ಟು ಸೊಪ್ಪು, ಎರಡು ಹಸಿ ಮೆಣಸಿನಕಾಯಿ, ಅರ್ಧ ಉಳ್ಳಾಗಡ್ಡಿ, ಒಂದು ಟೊಮೆಟೊ, ನಾಲ್ಕು ಎಸಳು ಬೆಳ್ಳುಳ್ಳಿ ಇಡಿ. ಇಳಿಸಿದ ಮೇಲೆ ಎರಡನ್ನೂ ಸೇರಿಸಿ, ಸೌಟಿನ ಬೆನ್ನಿನಿಂದ ಚೆನ್ನಾಗಿ ಮಸೆದು, ಉಪ್ಪು ಹಾಕಿ ಒಂದು ಕುದಿ ಕುದಿಸಿ, ಸಾಸಿವೆ, ಒಣ ಮೆಣಸಿನಕಾಯಿ ಒಗ್ಗರಣೆ ಕೊಡಿ. ಮಿಕ್ಸರ್ ಬೇಡ, ತೆಂಗಿನಕಾಯಿ ಬೇಡ. ರಾಜಗಿರಿ, ಪಾಲಕ್, ಮೆಂತ್ಯೆ, ಹರಿವೆ, ಯಾವುದು ಅಗ್ಗವೋ ಅದೇ ಆಗುತ್ತದೆ. ಮೆಂತ್ಯೆಯಾದರೆ ಅರ್ಧ ಕಟ್ಟಿಗಿಂತ ಹೆಚ್ಚು ಬೇಡ, ಕಹಿ ಮುಂದಾಗುತ್ತದೆ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯುವುದು ಎಲ್ಲರೂ ಮಾಡುವ ತಪ್ಪು. ಅದರಲ್ಲಿನ ಸಿ ಜೀವಸತ್ವ ನೀರಿನ ಪಾಲಾಗುತ್ತದೆ. ಬೇರು ಕತ್ತರಿಸಿ, ಎಲೆಗಳನ್ನು ಬಿಡಿಸಿ, ದೊಡ್ಡ ಪಾತ್ರೆಯ ನೀರಿನಲ್ಲಿ ಮೂರು ಸಲ ಅದ್ದಿ ತೆಗೆದು, ಮಣ್ಣು ತಳಕ್ಕೆ ಕೂತ ಮೇಲೆ ಆ ನೀರು ಚೆಲ್ಲಿ, ಆಮೇಲೆ ಹೆಚ್ಚಿ.

ಬೇಳೆಯನ್ನೂ ನೆನೆಸಿಲ್ಲ, ಕುಕ್ಕರನ್ನೂ ತೊಳೆದಿಲ್ಲ ಎನ್ನುವ ರಾತ್ರಿಗೆ ಝುಣಕಾ ಇದೆ. ಹದಿನೈದು ನಿಮಿಷದ ಅಡುಗೆ, ಇಬ್ಬರಿಗೆ ಸಾಕು, ಒಬ್ಬೊಬ್ಬರಿಗೆ ಎಂಟು ಗ್ರಾಂನಷ್ಟು ಪ್ರೋಟೀನ್ ಸಿಗುತ್ತದೆ. ಒಂದು ವಾಟಿ ಕಡಲೆ ಹಿಟ್ಟಿಗೆ ಅರ್ಧ ವಾಟಿ ತಣ್ಣೀರು ಸ್ವಲ್ಪ ಸ್ವಲ್ಪವೇ ಹಾಕುತ್ತ ಗಂಟಿಲ್ಲದಂತೆ ಕಲಸಿಡಿ. ಬಾಣಲಿಯಲ್ಲಿ ಎರಡು ಚಮಚ ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿ ಮೆಣಸಿನಕಾಯಿ, ಕರಿಬೇವು, ಸಣ್ಣಗೆ ಹೆಚ್ಚಿದ ಒಂದು ದೊಡ್ಡ ಉಳ್ಳಾಗಡ್ಡಿ ಬಾಡಿಸಿ, ಅರಿಸಿನ, ಉಪ್ಪು, ಒಂದು ವಾಟಿ ನೀರು ಹಾಕಿ. ನೀರು ಮಳ್ಳುವಾಗ ಉರಿ ತಗ್ಗಿಸಿ, ಒಂದು ಕೈಯಲ್ಲಿ ತಿರುವುತ್ತ ಕಲಸಿದ ಹಿಟ್ಟು ಸುರಿಯಿರಿ. ಎರಡು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಬೆಂದಿತು ಎಂದು ಅನೇಕರು ಇಳಿಸುವುದು ಇಲ್ಲಿಯೇ, ತಪ್ಪಾಗುವುದೂ ಇಲ್ಲಿಯೇ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಇನ್ನೂ ಆರು ನಿಮಿಷ, ನಡುವೆ ಎರಡು ಸಲ ಮಗುಚಿ, ಬೇಯಲು ಬಿಡಿ. ಹಸಿ ಹಿಟ್ಟಿನ ವಾಸನೆ ಹೋಗಿ, ಝುಣಕಾ ಬಾಣಲಿಯ ಅಂಚು ಬಿಟ್ಟು ಬಂದಾಗ ಅದು ಬೆಂದಂತೆ. ಅರೆಬೆಂದ ಕಡಲೆ ಹಿಟ್ಟು ಹೊಟ್ಟೆ ಉಬ್ಬರಿಸುತ್ತದೆ. 'ನನಗೆ ಕಡಲೆ ಹಿಟ್ಟು ಆಗಿಬರುವುದಿಲ್ಲ' ಎನ್ನುವ ಎಷ್ಟೋ ಮಂದಿಗೆ ಆಗಿಬರದಿರುವುದು ಬೇಯದ ಹಿಟ್ಟು. ಒಣ ಹಿಟ್ಟನ್ನು ನೇರ ಕುದಿಯುವ ನೀರಿಗೆ ಸುರಿದರೆ ಗಂಟಾಗುವುದು ಖಂಡಿತ, ಏಕೆಂದರೆ ಹೊರಗಿನ ಪದರ ಬೆಂದು ಮುಚ್ಚಿಕೊಂಡು ಒಳಗೆ ನೀರು ಹೋಗಲು ಬಿಡುವುದಿಲ್ಲ.

ಝುಣಕಾಗೆ ಜೊತೆ ಜೋಳದ ರೊಟ್ಟಿ. ರೊಟ್ಟಿ ಬಡಿಯುವುದು ವಾರದಲ್ಲಿ ಬರುವ ವಿದ್ಯೆಯಲ್ಲ. ಓದುವವರು ಅದಕ್ಕೆ ಹೊತ್ತು ಹಾಕದೆ, ಮನೆಯಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಂದ ಖಡಕ್ ರೊಟ್ಟಿ ಕೊಳ್ಳುವುದೇ ಲೇಸು. ಒಣ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ಮಳೆಗಾಲದಲ್ಲಿ ಮೆತ್ತಗಾದರೆ ಹಂಚಿನ ಮೇಲೆ ಅರ್ಧ ನಿಮಿಷ ಕಾಯಿಸಿದರೆ ಆಯಿತು, ಬೂಸು ಹಿಡಿದಿದ್ದರೆ ಮಾತ್ರ ಪೂರ್ತಿ ಎಸೆಯಬೇಕು. ದಕ್ಷಿಣದ ಜಿಲ್ಲೆಗಳವರಿಗೆ ರಾಗಿ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ, ದಿನಕ್ಕೆ ಬೇಕಾದ 1,000 ಮಿ.ಗ್ರಾಂನಲ್ಲಿ ಮೂರನೇ ಒಂದು ಪಾಲು ಅದರಿಂದಲೇ ಬಂತು. ಮುದ್ದೆ ಕೂರದಿದ್ದರೆ ರಾಗಿ ರೊಟ್ಟಿ ತಟ್ಟಿ. ಅದೂ ಬೇಡವೆಂದರೆ ಎರಡು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಎರಡು ಲೋಟ ಕುದಿಯುವ ನೀರಿಗೆ ಹಾಕಿ ಐದಾರು ನಿಮಿಷ ತಿರುವಿ ಬೇಯಿಸಿದರೆ ಅಂಬಲಿ. ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ. ಬೆಳಗಿನ ಎಂಟರ ಕ್ಲಾಸಿಗೆ ಓಡುವವರಿಗೆ ಇದಕ್ಕಿಂತ ಒಳ್ಳೆಯದು ನಮಗೆ ಗೊತ್ತಿಲ್ಲ. ಮೊಸರವಲಕ್ಕಿಯೂ ಆದೀತು, ಒಂದು ಹಿಡಿ ಹುರಿದ ಶೇಂಗಾ ಜೊತೆಗಿದ್ದರೆ.

ಶೇಂಗಾ ಎಂದ ಕೂಡಲೇ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ನೆನಪಾಗಬೇಕು. ಹದಿನೈದು ದಿನಕ್ಕೊಮ್ಮೆ ಕಾಲು ಕಿಲೋ ಶೇಂಗಾವನ್ನು ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಹುರಿದು, ಪೂರ್ತಿ ಆರಿಸಿ, ಸಿಪ್ಪೆ ಉಜ್ಜಿ ತೆಗೆದು, ಹತ್ತು ಎಸಳು ಬೆಳ್ಳುಳ್ಳಿ, ಎರಡು ಚಮಚ ಖಾರಪುಡಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿಡಿ. ಬಿಸಿ ಇರುವಾಗಲೇ ಮಿಕ್ಸರಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಜೋರು ಉರಿಯಲ್ಲಿ ಹುರಿದರೆ ಹೊರಗೆ ಕಪ್ಪು, ಒಳಗೆ ಹಸಿ. ಅಂಥ ಹಿಂಡಿ ಬೇಗ ಮುಗ್ಗುತ್ತದೆ. ಹಸಿರು ಬೂಸು ಕಂಡ, ಕಹಿಯಾದ ಶೇಂಗಾ ಬೀಜವನ್ನು ಆರಿಸಿ ಬಿಸಾಡಬೇಕು. ಆ ಬೂಸಿನ ವಿಷ ಯಕೃತ್ತಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಎರಡು ಚಮಚ ತುಂಬ ಹಿಂಡಿ ಅಂದರೆ ಸುಮಾರು 20 ಗ್ರಾಂ, ಅದರಲ್ಲಿ ಐದು ಗ್ರಾಂ ಪ್ರೋಟೀನ್. ಅನ್ನಕ್ಕೂ ಬಂತು, ರೊಟ್ಟಿಗೂ ಬಂತು, ಮೊಸರಿಗೂ ಬಂತು.

ಮೊಳಕೆ ಕಾಳಿನಲ್ಲಿ ಎಡವುವವರೂ ಹೆಚ್ಚು. ಹೆಸರು ಅಥವಾ ಮಡಿಕೆ ಕಾಳು ಒಂದು ವಾಟಿ, ಎಂಟು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಬಟ್ಟಲಿನಲ್ಲಿಡಿ. ಬೇಸಿಗೆಯಲ್ಲಿ ಹನ್ನೆರಡು ಗಂಟೆ, ಧಾರವಾಡದ ಚಳಿಗೆ ಇಪ್ಪತ್ತನಾಲ್ಕು. ತಳದಲ್ಲಿ ನೀರು ನಿಂತರೆ ಮೊಳಕೆಗೆ ಮೊದಲೇ ಲೋಳೆಯಾಗಿ ನಾರುತ್ತದೆ. ನಡುವೆ ಒಮ್ಮೆ ತೊಳೆದು ಮತ್ತೆ ಬಸಿದು ಕಟ್ಟಿದರೆ ಆ ತೊಂದರೆ ಬಾರದು. ಮೊಳಕೆಯನ್ನು ಹಸಿಯಾಗಿ ತಿನ್ನುವ ಫ್ಯಾಷನ್ನು ಬೇಡ. ಕೋಣೆಯ ನೀರಿನ ಮೇಲೆ ಅಷ್ಟು ಭರವಸೆ ಇಡಲಾಗದು. ಬಾಣಲಿಯಲ್ಲಿ ಒಗ್ಗರಣೆ ಹಾಕಿ, ಕಾಲು ವಾಟಿ ನೀರು ಚಿಮುಕಿಸಿ, ಏಳೆಂಟು ನಿಮಿಷ ಮುಚ್ಚಿ ಬೇಯಿಸಿದರೆ ಉಸುಳಿ ಸಿದ್ಧ. ಕೆಳಗಿಳಿಸಿದ ಮೇಲೆ ನಿಂಬೆ ಹಿಂಡಿ. ರಾಜ್ಮಾ ಮಾತ್ರ ಬೇರೆ ಲೆಕ್ಕ. ಅದನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿಯೇ ಪೂರ್ತಿ ಮೆತ್ತಗೆ ಬೇಯಿಸಬೇಕು. ವಿದ್ಯುತ್ ಕೆಟಲ್‌ನಲ್ಲಿ ಅರೆಬೆಂದ ರಾಜ್ಮಾ ತಿಂದರೆ ವಾಂತಿ, ಭೇದಿ ಹಿಡಿಯುತ್ತದೆ, ಅದರಲ್ಲಿ ಸಹಜವಾಗಿಯೇ ಇರುವ ಒಂದು ವಿಷದ ಅಂಶ ಚೆನ್ನಾಗಿ ಕುದಿಯದೆ ಸಾಯುವುದಿಲ್ಲ.

ತತ್ತಿ ತಿನ್ನುವವರಿಗೆ ಕೆಲಸ ಇನ್ನೂ ಹಗುರ. ಒಂದು ತತ್ತಿಗೆ ಆರು ಗ್ರಾಂ ಪ್ರೋಟೀನ್, ಏಳು ರೂಪಾಯಿಯ ಆಸುಪಾಸು. ತಿನ್ನದವರು ಸೋಯಾ ಚಂಕ್ಸ್ ತರಲಿ. ಒಣಗಿದ 25 ಗ್ರಾಂನಲ್ಲಿ ಹದಿಮೂರು ಗ್ರಾಂ ಪ್ರೋಟೀನ್ ಇದೆ. ಕುದಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ಎರಡು ಸಲ ಹಿಂಡಿ ತೆಗೆದರೆ ಅದರ ವಾಸನೆ ಹೋಗುತ್ತದೆ. ಪಲಾವಿಗೆ, ಬೇಳೆ ಸಾರಿಗೆ ಹಾಕಬಹುದು. ನೂಡಲ್ಸ್ ಬಿಡಲಾಗದವರು ಮಸಾಲೆ ಪೊಟ್ಟಣವನ್ನು ಅರ್ಧ ಮಾತ್ರ ಹಾಕಿ, ಒಂದು ತತ್ತಿ ಅಥವಾ ಒಂದು ಹಿಡಿ ಮೊಳಕೆ, ಒಂದು ಗಜ್ಜರಿ ಸೇರಿಸಿಕೊಳ್ಳಲಿ. ಉಪ್ಪು ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹುಡುಗಿಯರಿಗೆ ಒಂದು ಮಾತು. ದಿನಕ್ಕೆ ಬೇಕಾದ ಕಬ್ಬಿಣಾಂಶ ಗಂಡಸರಿಗೆ 19 ಮಿ.ಗ್ರಾಂ, ಹೆಂಗಸರಿಗೆ 29. ಊಟದ ಜೊತೆಗೆ, ಊಟವಾದ ಕೂಡಲೇ ಚಹಾ ಕುಡಿದರೆ ಸೊಪ್ಪು, ಬೇಳೆಯಲ್ಲಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ನಿಂಬೆ, ನೆಲ್ಲಿಕಾಯಿ, ಪೇರಲ ಹಣ್ಣು ಊಟದ ಜೊತೆಗಿದ್ದರೆ ಅದೇ ಕಬ್ಬಿಣ ಹೆಚ್ಚು ಹತ್ತುತ್ತದೆ. ಕಬ್ಬಿಣದ ಬಾಣಲಿ ಎಂದು ಮೇಲೆ ಬರೆದದ್ದೂ ಇದಕ್ಕೇ. ಆದರೆ ಹುಳಿ ಪದಾರ್ಥವನ್ನು ಅದರಲ್ಲೇ ಬಿಟ್ಟಿಡಬೇಡಿ, ಕಪ್ಪಾಗಿ ಕಬ್ಬಿಣದ ರುಚಿ ಬರುತ್ತದೆ.

ಕೋಣೆಯಲ್ಲಿ ಫ್ರಿಜ್ ಇರುವುದಿಲ್ಲ. ಹಾಗಾಗಿ ರಾತ್ರಿಯ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವ ಅಭ್ಯಾಸದ ಬಗ್ಗೆ ಎಚ್ಚರ ಹೇಳಲೇಬೇಕು. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಹಲವು ಗಂಟೆ ಕೂತಾಗ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ವಾಸನೆ ಬಂದಿಲ್ಲ ಎಂದರೆ ಕೆಟ್ಟಿಲ್ಲ ಎಂದೇನಲ್ಲ. ಆಯಾ ಹೊತ್ತಿಗೆ ಎಷ್ಟು ಬೇಕೋ ಅಷ್ಟೇ ಅನ್ನ ಮಾಡಿ; ವಾಟಿಯ ಅಳತೆ ಇರುವುದು ಇದಕ್ಕೂ ಹೌದು. ಕಾಲೇಜಿಗೆ ಡಬ್ಬಿ ಒಯ್ಯುವವರು ಬೆಳಿಗ್ಗೆ ಮಾಡಿದ್ದನ್ನು ತಟ್ಟೆಯಲ್ಲಿ ಹರಡಿ ಆವಿ ಹೋದ ಮೇಲೆ ತುಂಬಿ, ಮಧ್ಯಾಹ್ನದ ಊಟಕ್ಕೇ ಮುಗಿಸಬೇಕು. ಬಿಸಿ ಅನ್ನ ತುಂಬಿ ಬಿಗಿಯಾಗಿ ಮುಚ್ಚಿದರೆ ಮುಚ್ಚಳದ ಬೆವರು ಅನ್ನದ ಮೇಲೆ ಇಳಿದು ಬೇಗ ಹಳಸುತ್ತದೆ. ಡಬ್ಬಿಗೆ ರೊಟ್ಟಿ, ಝುಣಕಾ, ಹಿಂಡಿಯೇ ಹೆಚ್ಚು ಸುರಕ್ಷಿತ. ಆಲೂಗಡ್ಡೆ, ಹಸಿ ಕೊಬ್ಬರಿ ಹಾಕಿದ ಪಲ್ಯ ಬೇಸಿಗೆಯಲ್ಲಿ ಬೇಡ.

ಇನ್ನು ಖರ್ಚು. ಧಾರವಾಡದ ಅಂಗಡಿ, ಸಂತೆಯ ದರ ಹಿಡಿದು ನಾವು ಹಾಕಿದ ಅಂದಾಜು ಇದು. ಬೇರೆ ಊರಲ್ಲಿ ಒಂದೆರಡು ರೂಪಾಯಿ ಹೆಚ್ಚು ಕಡಿಮೆ ಆಗಬಹುದು. ಒಬ್ಬರಿಗೆ ಒಂದು ದಿನಕ್ಕೆ ಅಕ್ಕಿ ಮತ್ತು ಜೋಳ ಅಥವಾ ಗೋಧಿ ಸೇರಿ 270 ಗ್ರಾಂಗೆ 15 ರೂಪಾಯಿ, ಬೇಳೆ ಕಾಳು 95 ಗ್ರಾಂಗೆ 12, ಶೇಂಗಾ 30 ಗ್ರಾಂಗೆ 5, ಸೊಪ್ಪು, ತರಕಾರಿ, ಉಳ್ಳಾಗಡ್ಡಿ, ಟೊಮೆಟೊಗೆ 18, ಹಾಲು ಅಥವಾ ಮೊಸರು 200 ಮಿ.ಲೀ.ಗೆ 10, ಎಣ್ಣೆ, ಮಸಾಲೆಗೆ 5, ವಿದ್ಯುತ್ ಅಥವಾ ಗ್ಯಾಸಿಗೆ 4, ಬಾಳೆಹಣ್ಣಿಗೆ 6. ಒಟ್ಟು 75. ರೊಟ್ಟಿ ಕೊಂಡು ತಂದ ದಿನ ಹತ್ತು ಹದಿನೈದು ರೂಪಾಯಿ ಮೇಲೆ. ಇಷ್ಟರಲ್ಲಿ ಪ್ರೋಟೀನ್ 55 ಗ್ರಾಂ ದಾಟುತ್ತದೆ. 65 ಕಿಲೋ ತೂಕದ ಗಂಡಿಗೆ ದಿನಕ್ಕೆ ಬೇಕಾದದ್ದು 54 ಗ್ರಾಂ, 55 ಕಿಲೋ ತೂಕದ ಹೆಣ್ಣಿಗೆ 46. ಇಬ್ಬರು ಕೂಡಿ ಮಾಡಿಕೊಂಡರೆ ಸೊಪ್ಪು ಬಾಡಿ ಹೋಗುವುದು ತಪ್ಪುತ್ತದೆ, ಒಲೆಯ ಖರ್ಚೂ ಅರ್ಧವಾಗುತ್ತದೆ. ತಿಂಗಳ ಕೊನೆಗೆ ಕೈ ಬಿಗಿಯಾದರೆ ಬಿಸ್ಕತ್ತು, ಬೇಕರಿ ತಿಂಡಿ, ಹೊರಗಿನ ಚಹಾ ನಿಲ್ಲಿಸಿ, ಮೊಸರನ್ನು ಮಜ್ಜಿಗೆ ಮಾಡಿಕೊಳ್ಳಿ, ತೊಗರಿ ತುಟ್ಟಿಯಾದರೆ ಹುರುಳಿಗೋ ಅಲಸಂದೆಗೋ ಹೋಗಿ. ಬೇಳೆ ಕಾಳಿನ ಗ್ರಾಂ ಮಾತ್ರ ಇಳಿಸಬೇಡಿ.

ಆದರೆ ಇದೇ ಲೆಕ್ಕ ಸರ್ಕಾರವೂ ನೋಡಬೇಕಾದದ್ದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ವಿದ್ಯಾಸಿರಿ ಯೋಜನೆ ಆರಂಭವಾದಾಗ ಗೊತ್ತು ಮಾಡಿದ ಮೊತ್ತ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ದಿನಕ್ಕೆ 50 ರೂಪಾಯಿ. ತಾವೇ ಬೇಯಿಸಿಕೊಂಡು, ಒಂದು ಪೈಸೆ ಪೋಲು ಮಾಡದ ಹುಡುಗನಿಗೂ ಅದು ಇಪ್ಪತ್ತು ದಿನದ ದಿನಸಿ. ಬಾಡಿಗೆಯ ಮಾತು ಆಮೇಲಿನದು. ಈ ಮೊತ್ತವನ್ನು ಬಜೆಟ್ಟಿನ ಔದಾರ್ಯಕ್ಕೆ ಬಿಡದೆ, ಬೇಳೆ, ಹಾಲು, ತರಕಾರಿಯ ದರಕ್ಕೆ ಕಟ್ಟಿ ಪ್ರತಿ ವರ್ಷ ಪರಿಷ್ಕರಿಸಬೇಕು. ಹಣ ಜೂನ್ ಜುಲೈಯಲ್ಲೇ ಕೈಸೇರಬೇಕು. ಮಾರ್ಚಿಯಲ್ಲಿ ಒಟ್ಟಿಗೆ ಬಂದ ಹಣ ಆಗಸ್ಟಿನ ಹಸಿವಿಗೆ ಆಗುವುದಿಲ್ಲ.

ಮನೆ ಮಾಲೀಕರಲ್ಲಿ ನಮ್ಮ ಕೋರಿಕೆ ಬೇರೆ. ಅಡುಗೆ ಮಾಡಬಾರದು ಎಂಬ ನಿಷೇಧದಿಂದ ಅಡುಗೆ ನಿಲ್ಲುವುದಿಲ್ಲ, ಮಂಚದ ಕೆಳಗೆ ಸೇರುತ್ತದೆ. ತೆರೆದ ಕಾಯಿಲ್‌ನ ಹೀಟರು, ಕೆಟಲ್‌ನಲ್ಲಿ ಬೇಯುವ ಅನ್ನ, ಕಪ್ಪಾದ ಎಕ್ಸ್‌ಟೆನ್ಷನ್ ಬಾಕ್ಸು ಇವೆಲ್ಲ ನಿಷೇಧ ಇರುವ ಕೋಣೆಗಳಲ್ಲೇ ಹೆಚ್ಚು. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗು ಆರು ಆ್ಯಂಪಿಯರಿನದು, ತಡೆಯುವುದು ಹೆಚ್ಚೆಂದರೆ 1,380 ವ್ಯಾಟ್. ಇಂಡಕ್ಷನ್ ಒಲೆಯನ್ನು 2,000ಕ್ಕೆ ಏರಿಸಿದರೆ ಪ್ಲಗ್ಗು ಕರಗಿ, ವೈರು ಸುಡುತ್ತದೆ. ಪ್ರತಿ ಕೋಣೆಗೆ ಅರ್ಥಿಂಗ್ ಸಹಿತ ಒಂದು 16 ಆ್ಯಂಪಿಯರ್ ಪವರ್ ಪಾಯಿಂಟ್ ಹಾಕಿಸಿ, ಮೀಟರ್ ನೋಡಿ ಯೂನಿಟ್‌ಗೆ ಇಷ್ಟೆಂದು ತೆಗೆದುಕೊಳ್ಳಿ. ಗ್ಯಾಸ್ ಬೇಕಾದವರಿಗೆ ತೈಲ ಕಂಪನಿಗಳ ಐದು ಕಿಲೋ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆ, ಗುರುತಿನ ಚೀಟಿ ತೋರಿಸಿದರೆ ಏಜೆನ್ಸಿಯಲ್ಲಿ ಸಿಗುತ್ತದೆ. ಪೇಟೆಯ ಸಂದಿಯಲ್ಲಿ ಕಿಲೋ ಲೆಕ್ಕದಲ್ಲಿ ಗ್ಯಾಸ್ ತುಂಬಿಕೊಡುವ ತಗಡಿನ ಪುಟ್ಟ ಸಿಲಿಂಡರಿನ ಹತ್ತಿರವೂ ಮಕ್ಕಳು ಹೋಗಬಾರದು. ಅದರ ವಾಲ್ವಿಗೆ ಯಾರ ಹೊಣೆಯೂ ಇರುವುದಿಲ್ಲ.

ಕಾಲೇಜುಗಳು ಮೊದಲ ವಾರದಲ್ಲಿ ಗ್ರಂಥಾಲಯ ತೋರಿಸುತ್ತವೆ, ರ‍್ಯಾಗಿಂಗ್ ವಿರೋಧಿ ಪ್ರತಿಜ್ಞೆ ಮಾಡಿಸುತ್ತವೆ. ಅದೇ ವಾರ ಎರಡು ಗಂಟೆ ಎರಡು ಕುಕ್ಕರ್ ಇಟ್ಟು, ರಬ್ಬರ್ ಕೂರಿಸುವುದು, ಬೇಳೆ ನೆನೆಸುವುದು, ಝುಣಕಾ ತಿರುವುವುದು ತೋರಿಸಲಿ. ಹುಡುಗಿಯರಿಗೆ ಬರುತ್ತದೆ, ಹುಡುಗರಿಗೆ ಬೇಕಿಲ್ಲ ಎಂಬ ಎಣಿಕೆ ಎರಡೂ ಕಡೆ ಸುಳ್ಳು. ಹುಡುಗರನ್ನೇ ಮುಂದಿನ ಸಾಲಿನಲ್ಲಿ ಕೂರಿಸಿ. ಗೃಹವಿಜ್ಞಾನ ವಿಭಾಗವಿರುವ ಕಡೆ ಇದಕ್ಕೆ ಹೊರಗಿನವರನ್ನು ಕರೆಯುವ ಅಗತ್ಯವೂ ಇಲ್ಲ.

ತಮ್ಮ ಪತ್ರಿಕೆಯ ಅಡುಗೆ ಪುಟದಲ್ಲಿ ಪನೀರ್, ಗೋಡಂಬಿ, ಓವನ್ ಇಲ್ಲದೆ ಆಗದ ಅಡುಗೆಗಳೇ ಹೆಚ್ಚು ಬರುತ್ತಿವೆ. ವಾರಕ್ಕೊಂದು ಅಂಕಣ ಒಂದೇ ಒಲೆಯ, ಒಂದೇ ಕುಕ್ಕರಿನ ಅಡುಗೆಗೆ ಮೀಸಲಿಡಿ. ಅಳತೆ ಗ್ರಾಂನಲ್ಲಿ ಇರಲಿ, ಆ ವಾರದ ಸಂತೆಯ ದರದಲ್ಲಿ ಎಷ್ಟು ಖರ್ಚು ಎಂಬುದೂ ಜೊತೆಗಿರಲಿ. ಬರೆದುಕೊಡಲು ನಾವು ಸಿದ್ಧರಿದ್ದೇವೆ.

– ಗೃಹವಿಜ್ಞಾನ ಬೋಧಕಿಯರು, ಧಾರವಾಡ